ಬೀಗ ಬದಲಾದ ಕಾರು, ಕಳೆದುಹೋದ ಕೀಲಿಕೈ

ಕಳೆದ ತಿಂಗಳು ದಾದರ್‌ನಿಂದ ಮುಲುಂಡ್‌ಗೆ ಮರಳುವಾಗ ಲೋಕಲ್‌ನ ನೂಕುನುಗ್ಗಲಿನಲ್ಲಿ ನನ್ನ ಕಾರಿನ ಕೀಲಿಕೈ ಎಲ್ಲೋ ಬಿದ್ದುಹೋಯಿತು. ಮುಂಬೈ ಪೊಲೀಸರ ಜಾಲತಾಣದಲ್ಲಿ ಕಳೆದ ವಸ್ತುವಿನ ವರದಿ ದಾಖಲಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕಾರು ಮತ್ತೆ ಚಾಲೂ ಆಗಲು ಮಾತ್ರ ಹನ್ನೊಂದು ದಿನ ಹಿಡಿಯಿತು.

ಇದಕ್ಕೆ ಮೂಲ ಕಳೆದ ಮಳೆಗಾಲದ ರಿಪೇರಿ. ಇಗ್ನಿಷನ್‌ನಲ್ಲಿ ಕೀಲಿ ತಿರುಗದೆ ಸಿಕ್ಕಿಕೊಳ್ಳತೊಡಗಿದಾಗ ಗ್ಯಾರೇಜಿನವರು, ಬಾಗಿಲು, ಇಗ್ನಿಷನ್ ಎಲ್ಲ ಬೀಗಗಳೂ ಸೇರಿದ ಪೂರ್ತಿ ಲಾಕ್‌ಸೆಟ್ ದುಬಾರಿಯಾಗುತ್ತದೆಂದು ಇಗ್ನಿಷನ್ ಲಾಕನ್ನಷ್ಟೇ ಬದಲಾಯಿಸಿ, ಹಳೆಯ ಕೀಲಿಕೈಯೊಳಗಿನ ಚಿಪ್ (ಇದನ್ನು ಗುರುತಿಸಿದರೆ ಮಾತ್ರ ಕಾರು ಎಂಜಿನ್ ಚಾಲೂ ಆಗಲು ಬಿಡುತ್ತದೆ) ತೆಗೆದು ಹೊಸದರಲ್ಲಿ ಕೂರಿಸಿ ಕೊಟ್ಟರು. ಅಂದಿನಿಂದ ಬಾಗಿಲಿಗೊಂದು, ಎಂಜಿನ್‌ಗೊಂದು ಕೀಲಿಕೈ. ಕಳೆದದ್ದು ಎಂಜಿನ್ನಿನದು. (ಸಿಕ್ಕವನಿಗೆ ಬಾಗಿಲು ತೆರೆಯುವುದಿಲ್ಲ ಎಂಬುದಷ್ಟೇ ಸಮಾಧಾನ.) ಹೊಸ ಬೀಗದ ಡಬ್ಬಿಯಲ್ಲಿ ಎರಡನೆಯ ಕೀಲಿಕೈಯೂ ಕೀಲಿ ಮಾಡಿಸಲು ಬೇಕಾದ ಕೋಡ್ ಕೊರೆದ ಸಣ್ಣ ಬಿಲ್ಲೆಯೂ ಇದ್ದಿರಬೇಕು, ಅವನ್ನು ಕೇಳಿ ಪಡೆಯುವ ಬುದ್ಧಿ ಅಂದು ನನಗಿರಲಿಲ್ಲ.

ಸರ್ವಿಸ್ ಸೆಂಟರಿನವರು ಆರ್‌ಸಿ ಮತ್ತು ಗುರುತಿನ ಚೀಟಿ ನೋಡಿ, ಚಾಸಿಸ್ ನಂಬರಿನ ಆಧಾರದ ಮೇಲೆ ಕೀಲಿಕೈ ತರಿಸಿದರು. ಬೀಗ ಬದಲಾಗಿದೆ ಎಂದು ನಾನು ಎರಡು ಬಾರಿ ಹೇಳಿದರೂ ಅದು ಯಾರ ಕಿವಿಗೂ ಬಿದ್ದಂತಿರಲಿಲ್ಲ. ವಾರ ಕಾಯ್ದು ಬಂದ ಆ ಕೀಲಿಕೈ ಬಾಗಿಲನ್ನು ಸಲೀಸಾಗಿ ತೆರೆಯಿತು, ಇಗ್ನಿಷನ್‌ನಲ್ಲಿ ಕೂದಲೆಳೆಯಷ್ಟೂ ತಿರುಗಲಿಲ್ಲ. ಕಂಪನಿಯ ದಾಖಲೆಯಲ್ಲಿರುವುದು ಕಾರು ತಯಾರಾದಾಗಿನ ಬೀಗದ ಕೋಡ್; ಆಮೇಲೆ ಹೊರಗೆ ಹಾಕಿಸಿದ ಬೀಗದ ಸುದ್ದಿ ಅದಕ್ಕೆ ತಿಳಿಯುವುದೇ ಇಲ್ಲ. ಸ್ಟೀರಿಂಗ್ ಲಾಕ್ ಆಗಿದ್ದರಿಂದ ಕಾರನ್ನು ಹಗ್ಗ ಕಟ್ಟಿ ಎಳೆಸುವ ಹಾಗೂ ಇರಲಿಲ್ಲ.

ಕೊನೆಗೆ ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ವಿಜಯಪುರದ ಕಡೆಯ ಒಬ್ಬ ಕೀಲಿ ಮಾಡುವವರ ಪರಿಚಯವಾಯಿತು. ಅವರು ಕಂಪನಿಯ ಕೀಲಿಕೈಯನ್ನು ಬೆಳಕಿಗೆ ಹಿಡಿದು, “ಇದು ಕಾರಿನ ಜೋಡಿ ಹುಟ್ಟಿದ್ದರಿ ಸರ, ನಿಮ್ಮ ಬೀಗ ಆಮ್ಯಾಲೆ ದತ್ತಕಕ್ಕ ಬಂದೈತಿ” ಎಂದು ನಕ್ಕರು. ಬೀಗದೊಳಗೆ ತೆಳುವಾದ ಸಲಕರಣೆ ತೂರಿಸಿ, ಹಿತ್ತಾಳೆಯ ಒಂದೊಂದು ಪಟ್ಟಿಯ ಆಳವನ್ನೂ ಬೆರಳಿನ ಅಂದಾಜಿನಲ್ಲೇ ಅಳೆದು, ಹಳೆಯ ಬಿಲ್ಲಿನ ಬೆನ್ನಿಗೆ ಅಂಕಿಗಳನ್ನು ಬರೆದುಕೊಂಡು ಕೀಲಿ ಕೊರೆದರು. ಇಗ್ನಿಷನ್ ತಿರುಗಿತು, ಆದರೆ ಎಂಜಿನ್ ಹಿಡಿಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿನುಗುತ್ತಲೇ ಇತ್ತು. ಆಗ ಅವರು ಕಾರಿನೊಂದಿಗೇ ಬಂದಿದ್ದ ನನ್ನ ಎರಡನೆಯ ಹಳೆಯ ಕೀಲಿಕೈಯ ತಲೆಯನ್ನು ಇಗ್ನಿಷನ್ ಪಕ್ಕದಲ್ಲಿ ಒತ್ತಿ ಹಿಡಿದು ಮತ್ತೆ ತಿರುಗಿಸಿದರು, ಎಂಜಿನ್ ಗುರ್ರೆಂದಿತು. ಬೀಗದ ಸುತ್ತಲಿನ ಸುರುಳಿ ಓದುವುದು ಚಿಪ್ಪನ್ನು, ಕೀಲಿಯ ಹಲ್ಲನ್ನಲ್ಲ.

ಬಳಿಕ ಹೊಸ ಚಿಪ್ ಒಂದನ್ನು ನೋಂದಾಯಿಸಿ, ಕಳೆದ ಕೀಲಿಕೈಯ ಗುರುತನ್ನು ಕಾರಿನ ನೆನಪಿನಿಂದ ಅಳಿಸಿಸಿದೆ. ಇಗ್ನಿಷನ್ ಬೀಗವನ್ನು ಬಿಚ್ಚಿ, ಒಳಗಿನ ಪಟ್ಟಿಗಳನ್ನು ಬಾಗಿಲಿನ ಕೀಲಿಗೆ ಹೊಂದುವಂತೆ ಜೋಡಿಸಿಕೊಡಲು ಅವರಿಗೆ ಮುಕ್ಕಾಲು ಗಂಟೆ ಸಾಕಾಯಿತು. ಗ್ಯಾರೇಜಿನವರು ಈ ಕೆಲಸವನ್ನು ಮೊದಲ ದಿನವೇ ಏಕೆ ಮಾಡಲಿಲ್ಲ ಎಂಬ ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇಷ್ಟೇ: “ನೀವು ಕೇಳಿದ್ರೇನ್ರಿ?”