ಟಾಪರ್ ಪಕ್ಕ ಕೂರಿಸಿದರೆ ಸಾಕಾ?

ಜೂನ್ ಬಂದರೆ ತೀರ್ಥಹಳ್ಳಿಯಿಂದ ಸೊರಬದವರೆಗೂ ಹತ್ತನೇ ಕ್ಲಾಸಿನ ಅಪ್ಪ-ಅಮ್ಮಂದಿರದು ಒಂದೇ ಮಾತು: "ಸಾರ್, ನಮ್ಮ ಹುಡುಗನ್ನ ಚೆನ್ನಾಗಿ ಓದೋರ ಪಕ್ಕ ಕೂರಿಸಿ." ಕೂರಿಸಬಹುದು. ಆದರೆ ಪಕ್ಕದವನಿಂದ ಇವನಿಗೆ ದಾಟಿ ಬರೋದು ಹೆಚ್ಚಾಗಿ ಹೋಂವರ್ಕು, ತಿಳಿವಳಿಕೆಯಲ್ಲ.

ಸಹವಾಸಕ್ಕೆ ಬಲ ಇರೋದು ನಿಜ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರಿನ ಆಟ ಆಡಿಸಿ ನೋಡಿದರು. ಗೆಳೆಯರು ಜೊತೆಗಿದ್ದಾಗ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. ಗೆಳೆಯರೆದುರು ಹುಟ್ಟುವ ಆ ಹುಮ್ಮಸ್ಸನ್ನೇ ಓದಿನ ಕಡೆ ತಿರುಗಿಸಬೇಕು ಅನ್ನೋದು ನನ್ನ ವಾದ.

ಅದಕ್ಕೆ ಒಟ್ಟಿಗೆ ಓದೋ ಗುಂಪು ಮಾಡಬೇಕು. ಗುಂಪಿಗೆ ನಾಲ್ಕೇ ಜನ ಸಾಕು. ಹೆಚ್ಚಾದರೆ ಒಬ್ಬ ತಲೆ ಆಡಿಸ್ತಾ ಕೂರ್ತಾನೆ. ಒಬ್ಬಳಿಗೆ ಗಣಿತ ಗಟ್ಟಿ, ಇನ್ನೊಬ್ಬನಿಗೆ ಇಂಗ್ಲಿಷ್, ಹಾಗಿರಲಿ. ಎಲ್ಲದರಲ್ಲೂ ಒಬ್ಬನೇ ಮುಂದಿದ್ದರೆ ಅವನು ಬಿಟ್ಟಿ ಟ್ಯೂಷನ್ ಮೇಷ್ಟ್ರಾಗಿ, ಬೇಜಾರು ಬಂದು, ಬರೋದೇ ಬಿಡ್ತಾನೆ.

ವಾರಕ್ಕೆರಡು ದಿನ, ಮುಕ್ಕಾಲು ಗಂಟೆ. ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬಿಳಿ ಹಾಳೆಗೆ. ಉದಾಹರಣೆಗೆ ನಿಮ್ನ ದರ್ಪಣ, ಅಂದರೆ ಒಳಬಾಗಿದ ಕನ್ನಡಿ: ವಸ್ತು ಧ್ರುವಕ್ಕೂ (ಕನ್ನಡಿಯ ನಡುಬಿಂದು) ಸಂಗಮಬಿಂದುವಿಗೂ (ಸಮಾಂತರ ಕಿರಣಗಳು ಪ್ರತಿಫಲಿಸಿ ಸೇರೋ ಜಾಗ) ನಡುವೆ ಇದ್ದರೆ ಪ್ರತಿಬಿಂಬ ಎಲ್ಲಿ? ಕಿರಣದ ಚಿತ್ರ ಬರೆದು ತೋರಿಸಬೇಕು. ಆಮೇಲೆ ಹಾಳೆ ಅದಲುಬದಲು. ಕಿರಣಕ್ಕೆ ಬಾಣದ ಗುರುತು ಬಿಟ್ಟಿರೋದು, ದರ್ಪಣದ ಹಿಂದಿನ ಗೆರೆಯನ್ನ ಚುಕ್ಕಿಗೆರೆ ಮಾಡದೆ ಎಳೆದಿರೋದು ತನ್ನ ಹಾಳೆಯಲ್ಲಿ ಕಾಣಲ್ಲ, ಗೆಳೆಯನದರಲ್ಲಿ ತಕ್ಷಣ ಕಾಣತ್ತೆ. ಕೊನೆಗೆ ಬೋರ್ಡಿಗೆ ಹೋಗೋದು ತಪ್ಪು ಮಾಡಿದವರು. ಉಳಿದವರಿಗೆ ಉತ್ತರ ಹೇಳಿಕೊಡೋ ಹಕ್ಕಿಲ್ಲ, "ಯಾಕೆ?" ಅಂತ ಕೇಳೋದಷ್ಟೇ. ಈ ನಿಯಮವೇ ಮೊದಲು ಮುರಿಯೋದು. ಗೊತ್ತಿರೋರಿಗೆ ಬಾಯಿ ಕಟ್ಟಿಕೊಂಡಿರೋದು ಕಷ್ಟ.

ನಮ್ಮ ಕಡೆ ಗುಡ್ಡಕ್ಕೊಂದು ಮನೆ. ಸಂಜೆ ಒಬ್ಬರ ಮನೇಲಿ ಸೇರೋದು ಆಗದ ಮಾತು, ಬಸ್ ತಪ್ಪತ್ತೆ. ಮಧ್ಯಾಹ್ನ ಊಟದ ಬಿಡುವು ಸಾಕು. ಜುಲೈ ಮಳೆ ರಜೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ವಾಟ್ಸಾಪ್ ಗ್ರೂಪು ನಂಬಿದರೆ ಕೆಟ್ಟಿರಿ. ಮಳೆ ಜೋರಾಗೋ ಮುಂಚೆಯೇ ತಲಾ ಐದು ಪ್ರಶ್ನೆ ಬರೆದು ಹಾಳೆ ಹಂಚಿಕೊಂಡಿರಬೇಕು. ಶಾಲೆ ಶುರುವಾದ ದಿನ ಉತ್ತರ ತಿದ್ದೋದು ಪ್ರಶ್ನೆ ಬರೆದವರ ಕೆಲಸ.

ದೀಪಾವಳಿ ಆದಮೇಲೆ ಅಡಿಕೆ ಸುಲಿತ. ಓದು ಹಾಳು ಅಂತ ಎಲ್ಲರ ದೂರು. ಆದರೆ ಅಕ್ಕಪಕ್ಕದ ಮನೆ ಮಕ್ಕಳೆಲ್ಲ ಒಂದೇ ಕಡೆ ಸಿಗೋದು ಆಗಲೇ. ಇತಿಹಾಸದ ಇಸವಿ, ಗಣಿತದ ಸೂತ್ರ ಕೇಳಿ ಹೇಳಿಸೋಕೆ ಕೈಯಲ್ಲಿ ಪುಸ್ತಕ ಬೇಡ. ದೊಡ್ಡವರು ಮಾತ್ರ ನಡುವೆ "ಅವಳಿಗೆಷ್ಟು, ನಿನಗೆಷ್ಟು ಮಾರ್ಕ್ಸು?" ಅಂತ ಶುರು ಮಾಡಬಾರದು. ಅಷ್ಟು ಕೇಳಿದ ಮಾರನೇ ದಿನದಿಂದ ಹುಡುಗರು ತಪ್ಪು ಉತ್ತರ ಬರೆದ ಹಾಳೆ ಮುಚ್ಚಿಡೋಕೆ ಕಲೀತಾರೆ.