ಊರಿಗೆಲ್ಲ ಪತ್ತೇದಾರ, ಜೇಬಿನ ತುಂಬ ಕಳ್ಳಮಾಲು

ಮೌಸ್ ಹಿಡಿದು ಅಲ್ಲಿ ಇಲ್ಲಿ ಕ್ಲಿಕ್ ಮಾಡುತ್ತಾ ಹೋಗುವ ಪತ್ತೇದಾರಿ ಗೇಮ್‌ಗಳಲ್ಲಿ ಕಳ್ಳನನ್ನು ಹಿಡಿಯುವುದು ಕಷ್ಟವೇ ಅಲ್ಲ. ಶುರುವಾದ ಸ್ವಲ್ಪ ಹೊತ್ತಿಗೇ ಗೊತ್ತಾಗಿಬಿಡುತ್ತದೆ. ಪತ್ತೇದಾರನೇ ಕಳ್ಳ.

ನೀವೇ ನೋಡಿ. ಸಾಹೇಬರು ಒಬ್ಬರ ಮನೆಗೆ ವಿಚಾರಣೆಗೆ ಹೋಗುತ್ತಾರೆ. ಹಗ್ಗ, ಬೀಗದ ಕೈ, ಅರ್ಧ ತಿಂದ ಬಿಸ್ಕತ್ತು, ಕಂಡದ್ದೆಲ್ಲ ಕೋಟಿನ ಜೇಬಿಗೆ. ಏಣಿ ಕಂಡರೆ ಏಣಿಯೂ ಜೇಬಿಗೆ. ಮನೆಯವರು ಎದುರಿಗೇ ನಿಂತಿರುತ್ತಾರೆ, ತುಟಿ ಪಿಟಕ್ಕೆನ್ನುವುದಿಲ್ಲ. ಅವರು ಮಾಡಿದರೆ ಸಾಕ್ಷ್ಯ ಸಂಗ್ರಹ. ನಾವು ಮಾಡಿದರೆ ಠಾಣೆ.

ಈ ಕಸುಬು ಪರಾಕಾಷ್ಠೆ ಮುಟ್ಟಿದ್ದು 1999ರಲ್ಲಿ, ಗೇಬ್ರಿಯಲ್ ನೈಟ್ 3 ಎಂಬ ಗೇಮಿನಲ್ಲಿ. ಸಿಯೆರಾ ಕಂಪನಿಯದು, ಜೇನ್ ಜೆನ್ಸನ್ ಬರೆದ ಕಥೆ. ರಾಜವಂಶದ ಹಸುಗೂಸೊಂದನ್ನು ಯಾರೋ ಕದ್ದೊಯ್ದಿದ್ದಾರೆ. ಬೆನ್ನು ಹತ್ತಿದ ಕಥಾನಾಯಕ ಗೇಬ್ರಿಯಲ್ ದಕ್ಷಿಣ ಫ್ರಾನ್ಸಿನ ರೆನ್-ಲ-ಶಾಟೋ ಎಂಬ ಗುಡ್ಡದ ಮೇಲಿನ ಹಳ್ಳಿಗೆ ಬಂದಿದ್ದಾನೆ. ಮಗು ಅಪಾಯದಲ್ಲಿದೆ. ಸುತ್ತಾಡೋಕೆ ಅರ್ಜೆಂಟಾಗಿ ಒಂದು ಗಾಡಿ ಬೇಕು. ಬಾಡಿಗೆ ಅಂಗಡಿಯ ಬೈಕ್ ಸಿಗಬೇಕಾದರೆ ಗೆಳೆಯ ಮೋಸ್ಲಿಯ ವೇಷ ಹಾಕಬೇಕು.

ಸರಿ, ಹಾಕೋಣ. ಮೊದಲು ಗೆಳೆಯನ ಪಾಸ್‌ಪೋರ್ಟ್ ಎಗರಿಸಬೇಕು. ಆಮೇಲೆ ಮೀಸೆ ಬೇಕು. ಅಂಗಡಿಯಲ್ಲಿ ಕೊಂಡರಾಯಿತು ಅಂತೀರಾ? ನೀವು ಪತ್ತೇದಾರರಾಗೋಕೆ ನಾಲಾಯಕ್ಕು. ಒಂದು ಶೆಡ್ಡಿನ ಬಾಗಿಲ ಬುಡದಲ್ಲಿ ತೂತಿದೆ. ಆ ತೂತಿಗೆ ಅಂಟುಟೇಪ್ ಹಚ್ಚಬೇಕು. ಬೀದಿಯಲ್ಲಿ ತನ್ನ ಪಾಡಿಗೆ ಕೂತ ಬೆಕ್ಕನ್ನು ಬೆದರಿಸಿ ಆ ತೂತಿನಲ್ಲೇ ನುಗ್ಗಿಸಬೇಕು. ಟೇಪಿಗೆ ಒಂದಿಷ್ಟು ಕೂದಲು ಅಂಟಿಕೊಳ್ಳುತ್ತದೆ. ಹೋಟೆಲಿನ ಊಟದ ಕೋಣೆಯಿಂದ ಮೇಪಲ್ ಸಿರಪ್ಪಿನ ಪೊಟ್ಟಣ ತಂದು, ಆ ಕೂದಲನ್ನು ಸಿರಪ್ಪಿನಲ್ಲಿ ಮೂಗಿನ ಕೆಳಗೆ ಮೆತ್ತಿಕೊಳ್ಳಬೇಕು. ಚೆಲ್ಲಾಟ ಪತ್ತೇದಾರನದು, ಪ್ರಾಣಸಂಕಟ ಬೆಕ್ಕಿನದು.

ಇಷ್ಟಕ್ಕೇ ಮುಗಿಯಲಿಲ್ಲ. ಆ ಮೋಸ್ಲಿಗೆ ಮೀಸೆಯೇ ಇಲ್ಲ! ಹಾಗಾಗಿ ಪಾಸ್‌ಪೋರ್ಟಿನ ಫೋಟೋಕ್ಕೂ ಪೆನ್ನಲ್ಲಿ ಮೀಸೆ ಬರೆಯಬೇಕು. ಇಲ್ಲದ ಮೀಸೆಯನ್ನು ಇಬ್ಬರ ಮುಖಕ್ಕೂ ಹಚ್ಚಿದ ಮೇಲೆ ಅಂಗಡಿಯವನು ಬೈಕ್ ಕೊಡುತ್ತಾನೆ. ಅವನನ್ನು ಯಾರೂ ವಿಚಾರಣೆ ಮಾಡುವುದಿಲ್ಲ. ಮಗು? ಅದು ಕಾಯುತ್ತಿರುತ್ತದೆ ಬಿಡಿ, ಈ ಗೇಮ್‌ಗಳಲ್ಲಿ ಕಾಯುವುದೇ ಅಪಹೃತರ ಕೆಲಸ.

2000ದಲ್ಲಿ ಎರಿಕ್ ವೋಲ್ಪಾ ಎಂಬ ಬರಹಗಾರರು ಈ ಮೀಸೆಯನ್ನು ಒಂದೊಂದೇ ಎಳೆ ಕಿತ್ತು ಲೇವಡಿ ಮಾಡಿದರು. ಇಂಥ ಕಥೆ-ಒಗಟಿನ ಅಡ್ವೆಂಚರ್ ಗೇಮ್‌ಗಳನ್ನು ಯಾರೂ ಕೊಲ್ಲಲಿಲ್ಲ, ಅವು ತಾವಾಗಿಯೇ ಪ್ರಾಣ ಕಳೆದುಕೊಂಡವು ಅಂತ ಅವರ ವಾದ. ಮುಂದೆ ಅವರೇ ಪೋರ್ಟಲ್ ಎಂಬ ಒಗಟಿನ ಗೇಮಿಗೆ ಮಾತು ಬರೆದರು. ಬೈದು ಸುಮ್ಮನೆ ಕೂತವರಲ್ಲ, ಪಾಪ.

ಹಾಗಂತ ನಿಯಮ ಪಾಲಿಸುವ ಪತ್ತೇದಾರನ ಸ್ಥಿತಿ ಚೆನ್ನಾಗಿದೆಯಾ? ಅದೂ ಇಲ್ಲ. ಪೊಲೀಸ್ ಕ್ವೆಸ್ಟ್ ಎಂಬ ಗೇಮ್ ಮಾಡಿದ ಜಿಮ್ ವಾಲ್ಸ್ ಕ್ಯಾಲಿಫೋರ್ನಿಯಾ ಹೆದ್ದಾರಿ ಪೊಲೀಸ್ ಆಗಿದ್ದವರು. 1987ರಲ್ಲಿ ಬಂದಾಗ ಅದನ್ನು ಟೈಪ್ ಮಾಡಿ ಆಡಬೇಕಿತ್ತು, 1992ರ ಹೊಸ ರೂಪಕ್ಕೆ ಮೌಸ್ ಬಂತು. ಗಸ್ತಿಗೆ ಹೊರಡುವ ಮುನ್ನ ಕಾರಿನ ಸುತ್ತ ಒಂದು ಸುತ್ತು ಹಾಕಿ ನೋಡಬೇಕು. ನೋಡದೆ ಹೊರಟಿರೋ, ಟೈರ್ ಪಂಕ್ಚರ್, ಆಟ ಖಲಾಸ್. ಪ್ರದಕ್ಷಿಣೆ ಹಾಕದ ತಪ್ಪಿಗೆ ದೇವರೂ ಇಷ್ಟು ಬೇಗ ಶಿಕ್ಷೆ ಕೊಡುವುದಿಲ್ಲ. ನಮ್ಮ ಕಡೆಯವರಾಗಿದ್ದರೆ ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಕೆಲಸ ಮುಗಿಸುತ್ತಿದ್ದರು.

ಇನ್ನು 1996ರ ಗೇಮ್ ಬ್ರೋಕನ್ ಸ್ವೋರ್ಡ್. ಪ್ಯಾರಿಸ್ಸಿನ ಕೆಫೆಯ ಬಾಂಬ್ ಸ್ಫೋಟ, ಕೋಡಂಗಿ ವೇಷದ ಕೊಲೆಗಾರ, ನೈಟ್ಸ್ ಟೆಂಪ್ಲರ್ ಎಂಬ ಮಧ್ಯಯುಗದ ಯೋಧ ಸನ್ಯಾಸಿಗಳ ಗುಟ್ಟು, ಎಲ್ಲಕ್ಕೂ ನಮ್ಮ ನಾಯಕ ಜಾರ್ಜ್ ಸೈ. ಆದರೆ ಐರ್ಲೆಂಡಿನ ಪಾಳುಕೋಟೆಯಲ್ಲಿ ಒಂದು ಆಡು ಅವನನ್ನು ತಡೆದು ನಿಲ್ಲಿಸುತ್ತದೆ. ಹೋದಾಗಲೆಲ್ಲ ಹಾಯುತ್ತದೆ. ಬಿಸ್ಕತ್ತು ತೋರಿಸಿ, ಕರವಸ್ತ್ರ ತೋರಿಸಿ, ಊಹೂಂ. ಅಲ್ಲಿಯವರೆಗೆ ಯೋಚನೆ ಮಾಡಲು ಬೇಕಾದಷ್ಟು ಟೈಮ್ ಕೊಟ್ಟ ಗೇಮ್ ಇಲ್ಲಿ ಹೇಳದೆ ಕೇಳದೆ ಗಡಿಯಾರ ಹಿಡಿಯುತ್ತದೆ. ಹಾಯಿಸಿಕೊಂಡು ಬಿದ್ದು, ಏಳುತ್ತಿದ್ದಂತೆ ಪಕ್ಕದ ಹಳೇ ನೇಗಿಲಿನತ್ತ ಓಡಬೇಕು. ಆಡಿನ ಹಗ್ಗ ಅದಕ್ಕೆ ಸಿಕ್ಕಿಕೊಳ್ಳಬೇಕು. ಎಷ್ಟು ಜನರ ತನಿಖೆ ಆ ಆಡಿನ ಮುಂದೆ ನಿಂತುಹೋಯಿತೋ!

ಆ ಕಾಲದಲ್ಲಿ ಇದಕ್ಕೆಲ್ಲ ಪರಿಹಾರವೂ ಇತ್ತು. ಸಿಯೆರಾ ಸುಳಿವಿನ ಪುಸ್ತಕ ಮಾರುತ್ತಿತ್ತು, ಸುಳಿವು ಹೇಳುವ ಫೋನ್ ನಂಬರನ್ನೂ ಇಟ್ಟಿತ್ತು. ಬೀಗ ಮಾರಿದ ಅಂಗಡಿಯಲ್ಲೇ ಕೀಲಿಗೆ ಬೇರೆ ಬಿಲ್ಲು. ಬೀಗ ಯಾಕೆ ಅಷ್ಟು ಗಟ್ಟಿ ಅಂತ ಕೇಳುವುದು ಮರ್ಯಾದೆಯಲ್ಲ.

ಇಷ್ಟಾದರೂ ಜನ ಯಾಕೆ ಆಡುತ್ತಾರೆ? ಉತ್ತರ ಅದೇ ಮೀಸೆಯ ಗೇಮಿನ ಒಳಗಿದೆ. ಬೆಕ್ಕನ್ನು ದಾಟಿ ಮುಂದೆ ಹೋದರೆ ಲ ಸರ್ಪಾಂ ರೂಜ್ ಎಂಬ ಒಗಟು ಸಿಗುತ್ತದೆ. ರಾಶಿಚಕ್ರದ ಹೆಸರು ಹೊತ್ತ ಪದ್ಯಗಳು, ಎದುರಿಗೆ ಆ ಸೀಮೆಯ ನಕ್ಷೆ. ಪದ್ಯ ಓದುತ್ತಾ ಗೇಬ್ರಿಯಲ್‌ನ ಜೊತೆಗಾತಿ ಗ್ರೇಸ್ ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಗೆರೆ, ವೃತ್ತ, ಚೌಕ ಎಳೆಯುತ್ತಾ ಹೋಗುತ್ತಾಳೆ. ಒಂದು ಸಾಲು ಅರ್ಥವಾದರೆ ಒಂದು ಗೆರೆ ಕೂಡುತ್ತದೆ. ಯಾರೂ ಗುಂಡು ಹಾರಿಸುವುದಿಲ್ಲ, ಯಾರೂ ಅವಸರ ಮಾಡುವುದಿಲ್ಲ. ತಲೆ ಓಡಿಸಿದ್ದಕ್ಕೆ ಸರಿಯಾದ ಕೂಲಿ. ಇಂಥ ಒಗಟು ಕಟ್ಟಿದ ಮಂದಿಯೇ ಅದರ ಬಾಗಿಲಲ್ಲಿ ಕಾವಲಿಗೆ ಬೆಕ್ಕನ್ನು ಕೂರಿಸಿದ್ದಾರೆ, ಏನು ಹೇಳೋಣ.

2018ರಲ್ಲಿ ಲೂಕಸ್ ಪೋಪ್ ಮಾಡಿದ ರಿಟರ್ನ್ ಆಫ್ ದಿ ಓಬ್ರಾ ಡಿನ್ ಎಂಬ ಗೇಮ್ ಇದಕ್ಕೆಲ್ಲ ಮದ್ದು ಹುಡುಕಿತು. ಜೇಬಿಗೆ ಕೈ ಹಾಕುವ ಮಾತೇ ಇಲ್ಲ. 1807ರಲ್ಲಿ ತೇಲಿ ಬಂದ ಹಡಗು, ಈಸ್ಟ್ ಇಂಡಿಯಾ ಕಂಪನಿಯ ವಿಮೆ ಅಧಿಕಾರಿಯಾಗಿ ನೀವು, ಹಡಗಿನಲ್ಲಿದ್ದ 60 ಮಂದಿ. ಯಾರು ಯಾರು, ಏನಾದರು ಅಂತ ನೋಡಿ ಪುಸ್ತಕದಲ್ಲಿ ಬರೆಯಬೇಕು. ಸುಮ್ನೆ ಊಹೆ ಮಾಡಬಾರದು ಅಂತ, ಮೂರು ಮಂದಿಯದು ಸರಿಯಾದಾಗ ಮಾತ್ರ ಖಾತ್ರಿಪಡಿಸುತ್ತದೆ. ಎಂಥ ಜಾಣತನ, ಅಲ್ವಾ?

ಆಟಗಾರರು ಅದಕ್ಕಿಂತ ಜಾಣರು. ಖಂಡಿತ ಗೊತ್ತಿರುವ ಇಬ್ಬರನ್ನು ಬರೆದಿಟ್ಟುಕೊಂಡು, ಮೂರನೆಯವನಿಗೆ ಒಂದೊಂದೇ ಹೆಸರು ತುರುಕಿ ನೋಡುತ್ತಾರೆ. ಹೊಂದಿದರೆ ಅವನೇ ಇವನು. ಆ ಪುಸ್ತಕ ನೋಡಿಯೇ ಕಂಪನಿ ಯಾರ ಮನೆಯವರಿಗೆ ಪರಿಹಾರ, ಯಾರ ಆಸ್ತಿಗೆ ದಂಡ ಅಂತ ತೀರ್ಮಾನಿಸುತ್ತದೆ. ಸತ್ತವರು ತಕರಾರು ಮಾಡುವುದಿಲ್ಲ, ಕಡತ ಮುಚ್ಚುತ್ತದೆ.