ಕೋವಿಗೆ ಕಿವಿ ಚುಚ್ಚುವ ಶಾಸ್ತ್ರ

ಅಮೆರಿಕದಲ್ಲಿರುವ ನಮ್ಮ ಭಾವಮೈದ ಒಂದು ಪಿಸ್ತೂಲು ತರಿಸಿಕೊಂಡಿದ್ದಾನೆ. ಚಕಮಕಿ ಕಲ್ಲಿನದು. ಮಾದರಿ ಇನ್ನೂರು ವರ್ಷ ಹಳೆಯದು, ತಯಾರಾಗಿದ್ದು ಹೋದ ವರ್ಷ. ಕೊರಿಯರ್‌ನವನು ಚಪಾತಿ ಹಿಟ್ಟಿನ ಚೀಲ ಇಟ್ಟ ಹಾಗೆ ಬಾಗಿಲ ಮುಂದೆ ಇಟ್ಟು ಹೋದನಂತೆ. ವಿಡಿಯೊ ಕಾಲ್‌ನಲ್ಲಿ ತಿರುಗಿಸಿ ತಿರುಗಿಸಿ ತೋರಿಸಿದ. ಡಬ್ಬದ ಮೇಲೆ ‘ಮೇಡ್ ಇನ್ ಇಂಡಿಯಾ’.

“ಲೈಸೆನ್ಸ್ ಮಾಡಿಸಿದೆಯೇನಪ್ಪಾ?”

“ಇದು ಗನ್ನೇ ಅಲ್ಲ ಭಾವ!”

ನಿಜ. ಅಲ್ಲಿನ 1968ರ ಕಾನೂನಿನ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ಮಾಡಿದ ಕೋವಿ ಕೋವಿಯಲ್ಲ, ಆಂಟಿಕ್. ಅದರ ನಕಲು ನಿನ್ನೆ ತಯಾರಾಗಿದ್ದರೂ ಆಂಟಿಕ್ಕೇ. ಈಗಿನ ತೋಟೆ ಹಾಕುವಂತಿರಬಾರದು, ಅಷ್ಟೆ. ಕೆಲವು ರಾಜ್ಯಗಳ ತಕರಾರು ಬೇರೆ ಇದೆ, ಬಿಡಿ. ಎಂಥ ದೊಡ್ಡ ಮನಸ್ಸು! ನಮ್ಮಲ್ಲಿ ಆಧಾರ್‌ನಲ್ಲಿ ಒಂದು ಜನ್ಮದಿನ, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಪಿಂಚಣಿಗೆ ಅಲೆಯಬೇಕು. ಅಲ್ಲಿ ಪಿಸ್ತೂಲು ತನಗೆ ಇನ್ನೂರು ವರ್ಷ ಅಂದರೆ ನಂಬುತ್ತಾರೆ.

ನನಗೆ ಇಷ್ಟವಾದದ್ದು ತೂತಿನ ವಿಚಾರ. ಇಂಥ ಕೋವಿಯ ನಳಿಗೆಯ ಬುಡದಲ್ಲಿ, ಪಕ್ಕಕ್ಕೆ, ಒಂದು ಪುಟ್ಟ ತೂತು ಇರಬೇಕು. ಕುದುರೆ, ಅಂದರೆ ಕಲ್ಲು ಕಚ್ಚಿಕೊಂಡ ಸುತ್ತಿಗೆ, ಬಿದ್ದು, ಕಲ್ಲು ಉಕ್ಕಿಗೆ ಬಡಿದು, ಹೊರಗಿನ ಮದ್ದು ಭಗ್ ಅಂದಾಗ ಬೆಂಕಿ ಒಳಗೆ ಹೋಗುವುದು ಅದರಿಂದಲೇ. ತೂತಿಲ್ಲದಿದ್ದರೆ ಢಂ ಇಲ್ಲ. ನಮ್ಮ ದೇಶದಿಂದ ಹೊರಡುವ ಈ ಮಾಲು ಎಷ್ಟೋ ಸಲ ಆ ತೂತು ಕೊರೆಸಿಕೊಳ್ಳದೆಯೇ ಹಡಗು ಹತ್ತುತ್ತದೆ. ತೂತಿಲ್ಲ, ಆದ್ದರಿಂದ ಶೋಕೇಸಿನ ಗೊಂಬೆ. ಅಲ್ಲಿ ಇಳಿದ ಮೇಲೆ ಯಾರೋ ಕಿವಿ ಚುಚ್ಚಿಸುತ್ತಾರೆ. ಸೋದರಮಾವನ ತೊಡೆ ಮೇಲೆ ಕೂರಿಸಿ, ಬಾಯಿಗೆ ಬೆಲ್ಲ ಇಟ್ಟು ಚುಚ್ಚಿಸುತ್ತಾರೋ ಇಲ್ಲವೋ ಭಾವಮೈದನನ್ನು ಕೇಳಬೇಕು.

ಇದೇ ಗೊಂಬೆಯನ್ನು ನಾನು ಇಲ್ಲಿ ಗೋಡೆಗೆ ನೇತುಹಾಕಬಹುದೇ? ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಓಬಿರಾಯನ ಕಾಲದ ಕೋವಿಗೆ ವಿನಾಯಿತಿ ಕೊಡುತ್ತದೆ. ಆದರೆ ರಿಪೇರಿ ಮಾಡಿದರೂ, ಮಾಡದಿದ್ದರೂ ಅದರಿಂದ ಗುಂಡು ಹಾರಬಾರದು. ಹಾಗಾದರೆ ಇಲ್ಲದ ತೂತನ್ನು ಕೊರೆಯುವುದು ರಿಪೇರಿಯೇ? ಹುಟ್ಟಿದ ಕೂಸಿಗೆ ಕಿವಿ ಚುಚ್ಚಿದರೆ ಅದನ್ನು ರಿಪೇರಿ ಅನ್ನುತ್ತೇವಾ? ಪೇದೆಯೊಬ್ಬರ ಮುಂದೆ ಈ ತರ್ಕ ಮಂಡಿಸಿದೆ. ಅವರು ನನ್ನ ಅಡ್ರೆಸ್ ಕೇಳಿದರು. ಸುಮ್ನೆ ಬಂದೆ.

ಬ್ರಿಟಿಷರೂ ಅದೇ 1968ರಲ್ಲೇ ಒಂದು ಕಾಯ್ದೆ ಮಾಡಿದರು, ನಕಲಿನ ವಿಚಾರದಲ್ಲಿ ಪೂರ್ತಿ ಉಲ್ಟಾ. ಅಸಲಿ ಚಕಮಕಿ ಕೋವಿ ಅಲಂಕಾರಕ್ಕೆ ಗೋಡೆ ಮೇಲಿದ್ದರೆ ಸರ್ಟಿಫಿಕೇಟ್ ಬೇಡ. ಗುಂಡು ಹಾರುವ ಹೊಸ ನಕಲಿಗೆ ಬೇಕು. ಯುದ್ಧ ನೋಡಿ ಬಂದದ್ದು ಸಾಧು, ಗೂಡ್ಸ್ ಕಂಟೇನರ್‌ನಲ್ಲಿ ಬಂದದ್ದು ಅಪಾಯ.

ಅವರಿಗೆ ಅಸಲಿ ಮಾಲಿಗೇನು ಬರ? 1799ರ ಶ್ರೀರಂಗಪಟ್ಟಣ ಇದೆಯಲ್ಲ. ನಮ್ಮ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿ ಇರುತ್ತದೆ, ಅವರ ಅಟ್ಟದಲ್ಲಿ ಟಿಪ್ಪುವಿನ ಕೋವಿ. ಬರ್ಕ್‌ಶೈರ್‌ನ ಅಟ್ಟವೊಂದರಲ್ಲಿ ಸಿಕ್ಕಿದ್ದು 2019ರ ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. 2023ರದ್ದಂತೂ ನಿಮಗೆ ನೆನಪಿರಬೇಕು. 1793-94ರಲ್ಲಿ ಟಿಪ್ಪುವಿಗಾಗಿ ಮಾಡಿದ ಬೇಟೆ ಕೋವಿ, 20 ಲಕ್ಷ ಪೌಂಡಿನದು, ಬ್ರಿಟನ್ ಬಿಟ್ಟು ಹೋಗದಂತೆ ಅಲ್ಲಿನ ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಕೊಳ್ಳುವ ಬ್ರಿಟಿಷ್ ಪುಣ್ಯಾತ್ಮ ಯಾರಾದರೂ ಸಿಗಲಿ ಅಂತ. ಪಾಪ, ಪರಂಪರೆ ಕೈತಪ್ಪಿ ಹೋದರೆ ಎಷ್ಟು ಸಂಕಟ ಅಲ್ವಾ?

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ಇಲ್ಲಿ ಶುರು ಮಾಡಬೇಡಿ, ಅದಕ್ಕೆ ನವೆಂಬರ್ ಇದೆ. ನಾನು ಹೇಳುತ್ತಿರುವುದು ಕೋವಿ ಮಾತು. ಆ ಬೇಟೆ ಕೋವಿ ಹೋಗಿ ಸೇರಿದ್ದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಕೈಗೆ. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡಿದ್ದ. ಮಕ್ಕಳನ್ನಾದರೂ 1794ರಲ್ಲಿ ವಾಪಸ್ ಕಳಿಸಿದರು. ಮಿಕ್ಕಿದ್ದರಲ್ಲಿ ಹೆಚ್ಚಿನದು ಬರಲಿಲ್ಲ. ಬರುವುದೂ ಇಲ್ಲ. ನಮ್ಮವರು ಗಟ್ಟಿಯಾಗಿ ಕೇಳುವುದೂ ಇಲ್ಲ. ಪ್ರತಿ ಹರಾಜಿಗೂ ಪೇಪರಿನಲ್ಲಿ ರೇಟು ಓದಿ ‘ಅಬ್ಬಾ’ ಅನ್ನುವುದು ನನಗಂತೂ ಸಾಕಾಗಿದೆ.

ಮಲೆನಾಡಿನಲ್ಲಿ ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಕೇಪಿನ ಕೋವಿ ಇದೆ, ಲೈಸೆನ್ಸ್ ಸಮೇತ. ಚಕಮಕಿ ಕಲ್ಲಿನ ಬದಲು ಕೇಪು ಅನ್ನುವ ಪುಟ್ಟ ಸಿಡಿಮದ್ದಿನ ಟೊಪ್ಪಿಯಿಂದ ಕಿಡಿ ಹೊತ್ತುವಂಥದ್ದು. ಮಂಗ ಓಡಿಸಲಿಕ್ಕೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ನೀತಿ ಸಂಹಿತೆ. ಬಾಳೆಗೊನೆ ಮುಗಿದ ಮೇಲೆ ಕೋವಿ ವಾಪಸ್. ಈ ಸಲ ತಂದು ನೋಡಿದರೆ ತುಕ್ಕು. ಕೇಪು ಕೂರಿಸುವ ಮೊಳೆಯ ತೂತೇ ಮುಚ್ಚಿಹೋಗಿದೆ, ಓಲೆ ಹಾಕದ ಕಿವಿಯ ಹಾಗೆ.

ಮೊನ್ನೆ ಫೋನ್ ಮಾಡಿದ್ದರು. “ಲೋ, ಈಗ ಇದು ಕೋವಿ ಅಲ್ಲ ತಾನೆ? ರಿನ್ಯೂವಲ್ ಫೀಸು ಕಟ್ಟಬೇಕೇನೋ?”